ಕೂಸನ್ನು ಭಿಕ್ಷೆಗೆ ಕಳಿಸಿದ ಬಾಬತ್ತು

ನಾನು ಶೇವಂತೆವ್ವ ಕೋಂ ಗೋವಿಂದಪ್ಪ ದೊಡ್ಡಮನಿ, ವಯಸ್ಸು ಸುಮಾರು ಇಪ್ಪತ್ತೆರಡು, ಉದ್ಯೋಗ ಹತ್ತಿ ಗಿರಣಿಯಲ್ಲಿ ಕೂಲಿ, ಮೂಲ ಊರು ಶಿರಗುಪ್ಪಿ, ಈಗ ವಾಸ ಹುಬ್ಬಳ್ಳಿ ಕಮರಿಪೇಟೆ. ಠಾಣೆಗೆ ಖುದ್ದು ಹಾಜರಾಗಿ ಬರೆಸುವುದೇನೆಂದರೆ:

ನನ್ನ ಗಂಡ ಪಲ್ಟನ್ನಿಗೆ ಸೇರಿ ಹೋಗಿದ್ದಾನೆ. ನಮಗೆ ಸಾವಂತ್ರಿ ಎಂಬ ಹನ್ನೊಂದು ತಿಂಗಳ ಹೆಣ್ಣು ಕೂಸು ಇದೆ. ಕೂಸನ್ನು ನೋಡಿಕೊಳ್ಳುತ್ತಿದ್ದ ನನ್ನ ಅತ್ತೆ ಸಂಕ್ರಾಂತಿಯ ಹೊತ್ತಿಗೆ ತೀರಿಕೊಂಡಳು. ಗಿರಣಿಯೊಳಗೆ ಕೂಸುಗಳನ್ನು ಬಿಡುವುದಿಲ್ಲವಾದ್ದರಿಂದ, ಹಗಲು ಕೂಸು ಇಟ್ಟುಕೊಳ್ಳುವವರನ್ನು ಹುಡುಕಿದೆನು. ಮೊದಲು ಕಂಡ ಮನೆಯಲ್ಲಿ ಕೂಸುಗಳ ಕಾಲಿಗೆ ಹಗ್ಗ ಹಾಕಿ ಕಂಬಕ್ಕೆ ಕಟ್ಟಿದ್ದರು. ಒಂದು ಕೂಸು ತಾನು ಮಾಡಿದ್ದರಲ್ಲೇ ಕೈಯಾಡಿಸುತ್ತ ಕುಳಿತಿತ್ತು. ಎರಡನೆಯ ಮನೆಯವಳು, ನಮ್ಮ ಜಾತಿಯ ಮಂದಿಯ ಕೂಸು ತನ್ನ ಮನೆಯೊಳಗೆ ಬರಬಾರದು, ಹಿತ್ತಲಲ್ಲಿ ದನದ ಪಕ್ಕ ಇಟ್ಟುಕೊಳ್ಳುವೆನೆಂದು ಹೇಳಿದಳು. ಅಲ್ಲಿಂದ ನಮ್ಮ ಪೈಕಿಯವಳೇ ಆದ ಕಾಳವ್ವ ಎಂಬ ವಿಧವೆಯ ಮನೆಗೆ ಹೋದೆನು. ನೆಲ ಸಾರಿಸಿತ್ತು. ತೊಟ್ಟಿಲಿಗೆ ಒಗೆದ ಅರಿವೆ ಹಾಸಿತ್ತು. "ಮೊಮ್ಮಗಳಂಗ ನೋಡ್ಕೋತೇನಿ, ನೀ ನಿಶ್ಚಿಂತಿಲೆ ಹೋಗವಾ" ಅಂದಳು. ಶಿವರಾತ್ರಿಯ ನಂತರ ಕೂಸನ್ನು ಅಲ್ಲಿ ಬಿಡತೊಡಗಿದೆನು.

ದಿನಾ ಸಂಜೆ ಕಾಳವ್ವ ಕೂಸಿಗೆ ಎರೆದು, ಎಣ್ಣೆ ಹಚ್ಚಿ, ಕಾಡಿಗೆ ಇಟ್ಟು ಕೊಡುತ್ತಿದ್ದಳು. ಆದರೆ ಕೂಸಿನ ಎಡಗಾಲಿಗೆ ಇರುವೆ ಮುತ್ತುತ್ತಿದ್ದವು, ಮೊಣಕಾಲ ಹಿಂದೆ ಅಂಟಂಟು ಇರುತ್ತಿತ್ತು. ಕೇಳಿದ್ದಕ್ಕೆ, ಬೆಲ್ಲದ ನೀರು ಕುಡಿಸುವಾಗ ಚೆಲ್ಲುತ್ತದೆಂದು ಹೇಳಿದಳು. ನಾನು ನಂಬಿದೆನು.

ನಿನ್ನೆ ಶುಕ್ರವಾರ ಗಿರಣಿಯ ಯಂತ್ರದ ಪಟ್ಟಾ ಹರಿದು, ಹನ್ನೊಂದು ಗಂಟೆಗೆ ನಮ್ಮನ್ನು ಬಿಟ್ಟರು. ಸ್ಟೇಶನ್ ಮುಂದೆ ಟಾಂಗಾ ನಿಲ್ಲುವಲ್ಲಿ ಒಬ್ಬ ಗುರುತಿಲ್ಲದ ಹೆಂಗಸು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ತಾಯಿಯಿಲ್ಲದ ಕೂಸಿಗೆ ಧರ್ಮ ಮಾಡಿರೆಂದು ಬೇಡುತ್ತಿದ್ದಳು. ಕೂಸಿನ ಕಾಲು ತೊಡೆಯಿಂದ ಮೀನಖಂಡದವರೆಗೆ ಕೊಳೆತ ಹುಣ್ಣಿನಂತಿತ್ತು, ತುಂಬ ನೊಣ ಕುಳಿತಿದ್ದವು. ನಾನು ಹೇಸಿ, ಮುಖ ತಿರುಗಿಸಿ ಮುಂದೆ ನಡೆದೆನು. ಹಿಂದಿನಿಂದ ಕೂಸು ಕೆಮ್ಮಿತು. ಕೆಮ್ಮಿನ ಗುರುತು ಹತ್ತಿ ತಿರುಗಿ ನೋಡಲಾಗಿ, ಅದು ನನ್ನ ಸಾವಂತ್ರಿ.

ನಾನು ಕೂಸನ್ನು ಕಸಿದುಕೊಂಡೆನು. ಆ ಹೆಂಗಸು "ಕೂಸಿನ ಕಳ್ಳಿ, ಹಿಡೀರಿ" ಎಂದು ಬಾಯಿ ಮಾಡಿದಳು. ಟಾಂಗಾದವರು ಕೂಡಿದರು, ಒಬ್ಬನು ನನ್ನ ತುರುಬು ಹಿಡಿದನು. ತಾಯಿ ನಾನೇ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಲ್ಲಿ ಬಾಳೆಹಣ್ಣು ಮಾರುವ ಗುಲ್ಜಾರಬಿ ಎಂಬಾಕೆ ನಡುವೆ ಬಂದು, "ಆಕಿ ಕುಪ್ಪಸ ನೋಡ್ರಿ, ಹಾಲಿಲೆ ತೊಯ್ದೈತಿ. ಕೈ ಬಿಡ್ರಿ, ತಾಯಿ ಯಾರಂತ ಕೂಸ ಹೇಳತೈತಿ" ಅಂದಳು. ಅಷ್ಟು ಗಂಡಸರ ಎದುರಿಗೆ ನೆಲಕ್ಕೆ ಕುಳಿತು ಕೂಸನ್ನು ಮೊಲೆಗೆ ಹಾಕಿದೆನು. ಕೂಸು ನನ್ನ ಸೆರಗು ಬಿಗಿಯಾಗಿ ಹಿಡಿದು ಕುಡಿಯಿತು. ಅಷ್ಟರೊಳಗೆ ಆ ಹೆಂಗಸು ಓಡಿಹೋಗಿದ್ದಳು. ಗುಲ್ಜಾರಬಿ ನೀರು ಹಾಕಿ ಕಾಲು ತೊಳೆಯಲಾಗಿ ಬೆಲ್ಲದ ಪಾಕ, ಅರಿಷಿಣ, ಕುಂಕುಮ, ಕೋಳಿ ಕರುಳಿನ ಚೂರುಗಳು ಉದುರಿದವು. ಕೆಳಗೆ ಚರ್ಮಕ್ಕೆ ಏನೂ ಆಗಿರಲಿಲ್ಲ.

ಗುಲ್ಜಾರಬಿಯನ್ನು ಕರೆದುಕೊಂಡು ಕಾಳವ್ವನ ಮನೆಗೆ ಹೋದೆನು. ಕೂಸನ್ನು ಭಿಕ್ಷೆಗೆ ಯಾಕೆ ಕೊಟ್ಟೆ ಎಂದು ಕೇಳಿದ್ದಕ್ಕೆ ಅವಳು ಅಂಜಲಿಲ್ಲ. "ಕೂಸೇನು ಸವದೈತೇನು? ದಿನಾ ಎರದು ಕೊಟ್ಟೇನಿಲ್ಲೋ?" ಎಂದು ಕೇಳಿದಳು. ಅವಳಲ್ಲಿ ಬಿಡುವ ಬೇರೆಯವರ ಕೂಸುಗಳಲ್ಲಿ ಒಂದೂ ಮನೆಯಲ್ಲಿರಲಿಲ್ಲ. ಉಳಿದವು ಎಲ್ಲಿ ಎಂದು ಕೇಳಿದ್ದಕ್ಕೆ, "ಸಂಜೀಕ ಬರ್ತಾವ" ಅಂದಳು.

ನಿನ್ನೆ ಫೌಜದಾರ ಸಾಹೇಬರು ಊರಲ್ಲಿಲ್ಲದ ಕಾರಣ ಇಂದು ಬಂದಿದ್ದೇನೆ. ಬರುವ ದಾರಿಯಲ್ಲಿ, ನನ್ನ ಜೊತೆ ದುಡಿಯುವ ಮುತ್ತವ್ವ ತನ್ನ ಕೂಸನ್ನು ಎತ್ತಿಕೊಂಡು ಬಂದು ನನ್ನನ್ನು ತಡೆದಳು. ಆಕೆಯೂ ಕಾಳವ್ವನಲ್ಲೇ ಕೂಸು ಬಿಡುತ್ತಾಳೆ. ಆಕೆಗೆ ನಿನ್ನೆಯೇ ಎಲ್ಲ ಹೇಳಿದ್ದೆನು. "ಆಕೀನ ಜೇಲಿಗೆ ಹಾಕಿಸಿದ್ರ ನನ್ನ ಕೂಸ ಎಲ್ಲಿಡ್ಲಿ? ಸಂಜೀಕ ಜೀವಂತ ಕೊಡತಾಳಲ್ಲ, ಸಾಕು" ಎಂದು ಅತ್ತಳು. ಆ ಹುಣ್ಣು ಕಂಡಾಗ ಆಗಿದ್ದಕ್ಕಿಂತ ಹೆಚ್ಚು ಹೇಸಿಗೆ ನನಗೆ ಈ ಮಾತಿನಿಂದಾಯಿತು. ಆಕೆಯನ್ನು ಸರಿಸಿ ಬಂದೆನು. ತಿರುವಿನಲ್ಲಿ ನೋಡಲಾಗಿ, ಆಕೆ ಕೂಸಿನೊಂದಿಗೆ ಕಾಳವ್ವನ ಓಣಿಯ ಕಡೆಗೇ ಹೋಗುತ್ತಿದ್ದಳು.

ಮುತ್ತವ್ವನದು ಗಂಡು ಕೂಸು, ಕೊರಳಲ್ಲಿ ಕರಿ ದಾರ ಇದೆ. ಈ ಹೊತ್ತಿಗೆ ಯಾರ ತೊಡೆಯ ಮೇಲಿದೆಯೋ ತಿಳಿಯದು. ನನ್ನ ಫಿರ್ಯಾದಿ ಆಮೇಲೆ ನಡೆಯಲಿ, ಮೊದಲು ಅದನ್ನು ಹುಡುಕಿಸಬೇಕು.

ಬರೆದದ್ದನ್ನು ನನಗೆ ಓದಿ ಕೇಳಿಸಿದರು. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಹುಬ್ಬಳ್ಳಿ, ತಾ. 17-4-1943
ಶೇವಂತೆವ್ವನ ಎಡಗೈ ಹೆಬ್ಬೆಟ್ಟಿನ ಗುರುತು