ಹೊಲಿಗೆ ಮೆಷಿನ್ನಿನ ರಿಪೇರಿ

ಟೈಲರ್‌ನ ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ. ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ನಮ್ಮ ಬೀದಿಯವನೇ, ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ. ಅವನ ಅಕ್ಕ ಚಪ್ಪಲಿಯನ್ನು ಹುಡುಕಿ ತಂದು ಕಾಲಿಗೆ ತೊಡಿಸಿದಳು.

“ಡಾಕ್ಟ್ರು ಏನಂದ್ರೋ?” ಅಂತ ಅಕ್ಕ ಕೇಳಿದಳು.

“ಬೆನ್ನುಹುರಿ ಒತ್ತುತ್ತಿದ್ದ ಗಂಟು ಆಪರೇಷನ್ನಲ್ಲಿ ಪೂರ್ತಿ ಹೋಗಿದೆಯಂತೆ. ಅಪರೂಪದ್ದಂತೆ, ಕ್ಯಾನ್ಸರ್ ಅಲ್ಲವಂತೆ.”

“ಪಾದ?”

“ಒಂದು ವರ್ಷ ಮೊದ್ಲೇ ಬಂದಿದ್ರೆ ಉಳೀತಿತ್ತಂತೆ. ಇನ್ನು ಸ್ಪರ್ಶ ಬರಲ್ಲ.”

“ಪೆಡಲ್ ಬಿಗಿಯಾಗಿದೆ, ತುಳಿಯೋಕಾಗಲ್ಲ ಅಂತ ನೀನು ಅಂತಿದ್ದೆ. ವರ್ಷವೆಲ್ಲ ರಿಪೇರಿಯವನನ್ನ ಕರೆಸಿದ್ದು ನಾನೇ.”

“ಪಾಪ, ಅವನೂ ಮೂರು ಸಲ ಬೆಲ್ಟ್ ಬದಲಾಯಿಸ್ದ. ಮೆಷಿನ್ ಈಗ ಹೊಸದರ ಹಾಗಿದೆ.”

“ನಗಿಸಬೇಡ್ವೋ. ಸೋಮಾರಿ ಅಂತ ಬೈದಿದ್ದೀನಿ ನಿನ್ನ.”

“ನಾನು ಮೆಷಿನ್ನ ಬೈತಿದ್ದೆ. ಬಿಡಕ್ಕಾ.”

“ಮೋಟರ್ ಹಾಕಿಸೋಣ?”

“ಅದನ್ನೂ ಪಾದದಲ್ಲೇ ಒತ್ತಬೇಕು. ಎಷ್ಟು ಒತ್ತಿದೆ ಅಂತ ತಿಳೀಬೇಕಲ್ಲ?”

“ಎಡಗಾಲಲ್ಲಿ ಕಲಿ.”

“ಅದಕ್ಕೂ ಸ್ಪರ್ಶ ಇಲ್ಲ. ನೀನು ಹೊಲಿ, ನಾನು ಗುಂಡಿ ಹಾಕ್ತೀನಿ.”

ಅಕ್ಕ ಅವನ ತೋಳು ಹಿಡಿದು ಎಬ್ಬಿಸಿದಳು. ಪ್ರತಿ ಹೆಜ್ಜೆಯನ್ನೂ ಕಣ್ಣಿಂದ ನೋಡಿ ಇಡುತ್ತ ಅವನು ಬಾಗಿಲು ದಾಟಿದ.

ಹೋದದ್ದು ಒಂದು ವರ್ಷ, ಎರಡು ಪಾದ.