ಹಿಂದಿನ ಕಿಟಕಿಯ ಲೋಟ

ನೋಡಿ ಸಭೆಯವರೇ, ಇವತ್ತಿನ ಪ್ರಸಂಗವನ್ನು ಸಮಾಧಾನದಿಂದ ಮಾಡುವ ಮನಸ್ಸು ನನಗಿಲ್ಲ. ಒಂದು ಕಥೆ ಹೇಳುತ್ತೇನೆ, ಕೇಳಿ.

ಒಂದು ಊರು, ಅಲ್ಲೊಬ್ಬ ಶ್ರೀಮಂತ. ಹೊಲ, ಬಂಗಾರದ ಶ್ರೀಮಂತನಲ್ಲ. ಅವನ ಆಸ್ತಿಯೆಲ್ಲ ಪುಸ್ತಕ. ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರ್. ಹಳೆಯ ಇಂಗ್ಲಿಷ್ ನಾಟಕ, ಕಾವ್ಯ ಎಲ್ಲ ಅವನಿಗೆ ಬಾಯಿಪಾಠ. ಅದರಲ್ಲೂ ಒಂದು ನಾಟಕವನ್ನು ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದ. ದೊಡ್ಡ ಮನೆಯ ದಾಸಿಯೊಬ್ಬಳ ಕಥೆ ಅದು. ಒಳಗೆ ಬಂದು ಬೆಂಕಿಯ ಹತ್ತಿರ ಕೂತುಕೋ ಎಂದು ಒಡತಿ ಒಂದು ಸಲ ಕರೆದಾಳೆಂದು ಕಾಯುತ್ತ, ಹೊಸ್ತಿಲ ಮೇಲೆಯೇ ಚಳಿಗೆ ಸತ್ತುಹೋಗುತ್ತಾಳೆ. ಆ ದೃಶ್ಯ ಓದುವಾಗ ಅವನು ಅಳುತ್ತಿದ್ದ. ಪ್ರತಿ ವರ್ಷ, ಅದೇ ಪುಟಕ್ಕೆ, ಕರವಸ್ತ್ರ ಹೊರಗೆ ಬರುತ್ತಿತ್ತು. ಕಣ್ಣು ಒರೆಸಿಕೊಳ್ಳುವ ತನಕ ಹುಡುಗರು ಪೆನ್ನು ಕೆಳಗಿಟ್ಟು ಕಾಯುತ್ತಿದ್ದರು.

ಆ ಕ್ಲಾಸಿನಲ್ಲಿ ಒಬ್ಬ ಹುಡುಗಿ. ಅವಳ ತಾಯಿ ಪ್ರೊಫೆಸರನ ಮನೆಯಲ್ಲೇ ಪಾತ್ರೆ ತೊಳೆಯುವವಳು. ಮಗಳಿಗೆ ಇಂಗ್ಲಿಷ್ ಟೀಚರ್ ಆಗುವ ಆಸೆ. ಈ ಪರೀಕ್ಷೆ ಪಾಸಾದರೆ ಮಾತ್ರ ಮುಂದಿನ ವರ್ಷ ಇಂಗ್ಲಿಷ್ ತೆಗೆದುಕೊಳ್ಳಬಹುದು.

ಪ್ರಶ್ನೆ ಬಂತು: ದಾಸಿಯ ದುಃಖವನ್ನು ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ. ಎಲ್ಲರೂ ಏನು ಬರೆದರು? ಪ್ರೊಫೆಸರ್ ಕೊಟ್ಟ ನೋಟ್ಸ್ ಬರೆದರು. ಸ್ವಂತ ಮಾತು ಎಂದರೆ ಅಲ್ಲಿ ಅವನ ನೋಟ್ಸ್ ಎಂದೇ ಅರ್ಥ. ಹುಡುಗಿಗೆ ಅದು ತಿಳಿಯಲಿಲ್ಲ. ಅವಳು ಬರೆದಳು: "ನನ್ನ ತಾಯಿ ಹನ್ನೊಂದು ವರ್ಷದಿಂದ ಒಂದು ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾಳೆ. ಅವಳ ಲೋಟ ಬೇರೆ, ಹಿಂದಿನ ಕಿಟಕಿಯಲ್ಲಿ ಬೋರಲಾಗಿ ಇರುತ್ತದೆ. ಒಡತಿಗೆ ದಾಸಿಯ ದುಃಖ ಕೊನೆಗಾದರೂ ಗೊತ್ತಾಯಿತೇ ಎಂದು ನೋಡಲು ಈ ನಾಟಕ ಓದಿದೆ. ಗೊತ್ತಾಗಲಿಲ್ಲ."

ಪ್ರೊಫೆಸರ್ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟ. ಹುಡುಗಿ ಅವನ ಕೋಣೆಗೆ ಹೋದಳು.

"ಸರ್, ಸ್ವಂತ ಮಾತಿನ್ಯಾಗ ಬರೀರಿ ಅಂದಿದ್ರಲ್ರಿ."

"ಇದು ಸಾಹಿತ್ಯ ಅಲ್ಲ. ನಿಮ್ಮ ಮನಿ ಕಥಿ ನನಗ್ಯಾಕ?"

"ನಮ್ಮ ಮನಿ ಅಲ್ರಿ ಸರ್. ನಿಮ್ಮ ಮನಿ."

ಆಗ ಅವನೇನು ಮಾಡಿದ? ನಾಚಿಕೆಯಿಂದ ತಲೆ ತಗ್ಗಿಸಿದ ಅಂದುಕೊಂಡಿರಾ? ಸಂಜೆ ಅವಳ ತಾಯಿಗೆ, ನಾಳೆಯಿಂದ ಬರಬೇಡ ಅಂದ. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಹುಡುಗಿ ಟೀಚರ್ ಆಗಲಿಲ್ಲ. ಮರುವರ್ಷ ಹೊಸ ಹುಡುಗರ ಮುಂದೆ ಅದೇ ನಾಟಕ ಓದಿ, ಅದೇ ಪುಟದಲ್ಲಿ, ಅವನು ಮತ್ತೆ ಅತ್ತ.

ಥೂ ಅನಿಸಿತಲ್ಲವೇ? ಅನಿಸಲಿ. ಆದರೆ ಅವನನ್ನು ಬೈಯುವುದಕ್ಕೆ ನಾನು ಇಲ್ಲಿ ನಿಂತಿಲ್ಲ.

ಹೋದ ಗುರುವಾರ ನಿಮ್ಮಲ್ಲೇ ಒಬ್ಬರ ಮನೆಗೆ ಪ್ರಾರ್ಥನೆಗೆ ಬಂದಿದ್ದೆ. ಮಗು ಇಂಗ್ಲಿಷ್ ಪದ್ಯ ಹೇಳಿತು, ಬಡವರ ಮೇಲಿನ ದಯೆಯ ಪದ್ಯ. ಚೆನ್ನಾಗಿಯೇ ಹೇಳಿತು. ಕೈ ತೊಳೆಯಲು ಹಿಂದೆ ಹೋದಾಗ ಬಾಯಾರಿಕೆಯಾಗಿ ಕಿಟಕಿಯಲ್ಲಿದ್ದ ಲೋಟ ತೆಗೆದು ನೀರು ಕುಡಿದೆ. ಮನೆಯವರು ಓಡಿಬಂದರು. "ಅಯ್ಯನವರ, ಅದು ಬ್ಯಾಡ್ರಿ, ಅದು ಕೆಲಸದಾಕಿ ಲೋಟ ಐತ್ರಿ."

ಯಾರ ಮನೆ ಎಂದು ಹೇಳುವುದಿಲ್ಲ. ಅವರು ಈಗ ತಲೆ ತಗ್ಗಿಸಿ ಕೀರ್ತನೆ ಪುಸ್ತಕದ ಪುಟ ತಿರುವುತ್ತಿದ್ದಾರೆ. ಆದರೆ ಅವರೊಬ್ಬರೇ ಅಲ್ಲ, ಇನ್ನೂ ಎಂಟು ಹತ್ತು ಜನ ತಿರುವುತ್ತಿದ್ದೀರಲ್ಲ, ಅದು ಯಾಕೆ? ನನಗೆ ಸಿಟ್ಟು ಬಂದಿರುವುದು ಅದಕ್ಕೆ. ಇಲ್ಲಿ ಚರ್ಚಿನಲ್ಲಿ, ಕರ್ತನ ಮೇಜಿನ ಮುಂದೆ, ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದು ಹೋಗಿ, ಮನೆಯಲ್ಲಿ ಲೋಟ ಬೇರೆ ಇಡುತ್ತೀರಿ.

ಇವತ್ತು ಮನೆಗೆ ಹೋದ ಕೂಡಲೇ ಆ ಲೋಟ ಒಳಗೆ ತನ್ನಿ. ಯಾವುದು ಯಾರದೆಂದು ನಿಮಗೇ ಗುರುತು ಸಿಗದ ಹಾಗೆ ನಿಮ್ಮ ಲೋಟಗಳ ನಡುವೆ ಸೇರಿಸಿ. ನಾಳೆ ಅವಳು ಬಂದಾಗ ಕುರ್ಚಿ ಕೊಡಿ, ಜೊತೆಗೆ ಕೂತು ಚಹಾ ಕುಡಿಯಿರಿ. ಪದ್ಯ ಕಲಿಸುವುದು ಆಮೇಲೆ.

ಈ ವಾರವೂ ಬರುತ್ತೇನೆ. ಯಾರ ಮನೆಗೆ ಎಂದು ಮೊದಲೇ ಹೇಳುವುದಿಲ್ಲ. ಬಂದವನು ಹಿತ್ತಲ ಬಾಗಿಲಲ್ಲಿ ನಿಂತು ನೀರು ಕೇಳುತ್ತೇನೆ.