ಒಂಬತ್ತು ಅರ್ಜಿಗಳು

ಶಿಕ್ಷಣ ಕಚೇರಿಯ ಪಡಸಾಲೆಯಲ್ಲಿ ನನ್ನ ಬಾಲ್ಯದ ಸೀಮೆಸುಣ್ಣದ ವಾಸನೆ ಬಂತು. ಸಾಹೇಬರಿಗಾಗಿ ಕಾದು ನಿಂತಿದ್ದ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರ ಅಂಗಿಯದು. ಪಕ್ಕದ ಸಾಲಿನಲ್ಲಿ ಒಬ್ಬ ಟೈಲರ್ ಹೆಂಗಸು. ಅವಳ ಕೈಯಲ್ಲಿ ಒಂಬತ್ತು ಮಕ್ಕಳ ಶಾಲೆ ಬದಲಿಸುವ ಅರ್ಜಿಗಳು.

"ನಮ್ಮ ಮಿಡ್ಲ್ ಸ್ಕೂಲಲ್ಲಿ ಕಂಪ್ಯೂಟರ್ ಇದೆಯಮ್ಮ," ಎಂದರು ಹೆಡ್‌ಮಾಸ್ತರರು. "ನೀವು ಸೇರಿಸೋಕೆ ಹೊರಟಿರೋ ಆ ಕಾಲುವೆ ಪಕ್ಕದ ಶಾಲೆ ಸೂರು ಸೋರುತ್ತೆ."

"ಸೋರಲಿ ಸಾರ್. ನನ್ನ ಮಗಳು ತೊದಲಿದ್ರೆ ಅಲ್ಲಿ ಮಾತು ಮುಗಿಯೋವರೆಗೂ ಕಾಯ್ತಾರೆ. ನೀವು ಹೊರಗೆ ನಿಲ್ಲಿಸಿದ್ರಿ."

"ಅದಕ್ಕೆ ನಿಮ್ಮ ಬೀದಿಯಲ್ಲಿರೋ ಮಕ್ಕಳನ್ನೆಲ್ಲ ಬಿಡಿಸೋದಾ? ಒಂಬತ್ತು ಜನ ಹೋದ್ರೆ ಸಂಖ್ಯೆ ಸಾಲ್ದು ಅಂತ ಶಾಲೆ ಮುಚ್ತಾರೆ!"

"ಗೊತ್ತು. ಎಷ್ಟು ಜನ ಹೋದ್ರೆ ಮುಚ್ತಾರೆ ಅಂತ ವಿಚಾರಿಸ್ಕೊಂಡೇ ನಾನು ಮನೆಮನೆ ಸುತ್ತಿದ್ದು."

"ಬೆಳಗ್ಗೆಯಿಂದ ನಿಂತಿದ್ದೀನಮ್ಮ, ಸಾಹೇಬ್ರು ಒಳಗೇ ಕರೀತಿಲ್ಲ."

"ಹೊರಗೆ ನಿಂತ್ರೆ ಹೊಟ್ಟೆ ಚುರುಗುಟ್ಟುತ್ತೆ ಸಾರ್. ನನ್ನ ಮಗಳು ಹೇಳಿದ್ಲು."

ಅವಳ ಸರದಿ ಬಂತು. ಒಂಬತ್ತನ್ನೂ ಗುಮಾಸ್ತರಿಗೆ ಒಪ್ಪಿಸಿ, ಹೋಗುವ ಮುನ್ನ ತನ್ನ ಊಟದ ಡಬ್ಬಿಯನ್ನು ಹೆಡ್‌ಮಾಸ್ತರರ ಕೈಗಿತ್ತಳು.